ಆರೋಗ್ಯ ವಿಚಾರ: ಕಾರಣವಿಲ್ಲದ ರಕ್ತದ ಒತ್ತಡ

ನಮ್ಮ ಓದುಗರಾದ ಗೃಹಿಣಿಯೊಬ್ಬರು ಬರೆದಿರುವ ಕಾಗದವು ಈ ತಿಂಗಳ ಲೇಖನಕ್ಕೆ ಪ್ರೇರಣೆಯಾಯಿತು. ಅವರ ಯಜಮಾನರಿಗೆ ೪೧ ವರ್ಷ ವಯಸ್ಸು. ರಕ್ತದ ಒತ್ತಡವು ಹೆಚ್ಚಾಗಿದೆಯೆಂದು ಗೊತ್ತಾಗಿ ಆರು ವರ್ಷಗಳಾದುವು. ಮೊದಲು ಒಂದು ಗುಳಿಗೆ, ಅನಂತರ ಎರಡು, ಈಗ ಮೂರು. ಮನೆಯವರೆಲ್ಲರೂ ಕೂಡಿ ಉಪ್ಪಿನಕಾಯಿಯ ಜಾಡಿಯನ್ನು ಅಟ್ಟಕ್ಕೇರಿಸಿಯಾಯಿತು. ಒತ್ತಡವು ಮಾತ್ರ ಇಳಿದಿಲ್ಲ. ಮಾವನವರು ೩೮ನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು ತೀರಿಕೊಂಡವರಾದುದರಿಂದ ಈಕೆಗೆ ರಾತ್ರಿ ನಿದ್ದೆಯಿಲ್ಲ. “ಇದಕ್ಕೆ ಕಾರಣವೇನೆಂದು ಕೇಳಿದರೆ ವೈದ್ಯರು ಕಾರಣವಿಲ್ಲವೆನ್ನುತ್ತಾರೆ. ಕಾರಣವಿಲ್ಲದೆ ಕಾರ್ಯವುಂಟೆ?” ಎಂಬುದು ಅವರ ಪ್ರಶ್ನೆ.

ವೈದ್ಯರ ಮಾತು ಪೂರ್ತಿಯಾಗಿ ತಪ್ಪಲ್ಲ. ರಕ್ತದ ಒತ್ತಡವು ಹೆಚ್ಚಿರುವವರಲ್ಲಿ ಬಹುಜನರಿಗೆ, ಇದೇ ಮೂಲವೆಂದು ಬೆರಳಿಟ್ಟು ತೋರಿಸಬಹುದಾದ ಒಂದೇ ಕಾರಣವಿರುವುದಿಲ್ಲ. ವಂಶ, ವಯಸ್ಸು, ಉಪ್ಪು, ಬೊಜ್ಜು ಮೊದಲಾದುವೆಲ್ಲ ಕೂಡಿ ಅದನ್ನು ಏರಿಸುತ್ತವೆ. ಆದರೆ ಆ ದೊಡ್ಡ ಗುಂಪಿನಲ್ಲಿಯೇ, ಹೊರನೋಟಕ್ಕೆ ಯಾವ ಭೇದವೂ ಕಾಣದೆ, ನಿಶ್ಚಿತವಾದ ಕಾರಣವುಳ್ಳವರೂ ಬೆರೆತುಕೊಂಡಿದ್ದಾರೆ. ಅವರನ್ನು ಬೇರ್ಪಡಿಸುವುದಕ್ಕೆ ಒಂದು ರಕ್ತಪರೀಕ್ಷೆಯುಂಟು. ಅದನ್ನು ಮಾಡಿಸಿದರೋ ಇಲ್ಲವೋ ನಮ್ಮ ಸೋದರಿಯು ಬರೆದಿಲ್ಲ. ಬಹುಶಃ ಅದರ ಹೆಸರನ್ನೇ ಯಾರೂ ಅವರ ಮುಂದೆ ಎತ್ತಿರಲಾರರು.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿಯಿದೆ. ಇದಕ್ಕೆ ಅಡ್ರೀನಲ್ ಗ್ರಂಥಿಯೆಂದು ಹೆಸರು. ತೂಕದಲ್ಲಿ ನಾಲ್ಕೈದು ಗ್ರಾಂ ಮಾತ್ರವೇ ಆದರೂ ಇದರ ಅಧಿಕಾರವು ಬಹು ದೊಡ್ಡದು. ಇದರ ಹೊರಪದರದಲ್ಲಿ ಹುಟ್ಟಿ ರಕ್ತವನ್ನು ಸೇರುವ ಹಾರ್ಮೋನುಗಳಲ್ಲಿ ಆಲ್ಡೊಸ್ಟೆರೋನ್ ಎಂಬುದೊಂದು. “ಉಪ್ಪನ್ನು ಹಿಡಿದಿಟ್ಟುಕೋ, ಪೊಟ್ಯಾಸಿಯಂ ಅನ್ನು ಹೊರಗೆ ಬಿಡು” ಎಂದು ಮೂತ್ರಪಿಂಡಕ್ಕೆ ಆಜ್ಞಾಪಿಸುವುದೇ ಇದರ ಮುಖ್ಯ ಕೆಲಸ. ಉಪ್ಪು ನಿಂತರೆ ನೀರೂ ನಿಲ್ಲುತ್ತದೆ. ನೀರು ನಿಂತರೆ ರಕ್ತನಾಳಗಳಲ್ಲಿ ಒತ್ತಡವು ಏರುತ್ತದೆ. ಆದರೆ ಈ ಆಜ್ಞೆಯು ಸ್ವತಂತ್ರವಾದುದಲ್ಲ. ಒತ್ತಡವು ತಗ್ಗಿದಾಗ ಮೂತ್ರಪಿಂಡವೇ ರೆನಿನ್ ಎಂಬ ಪದಾರ್ಥವನ್ನು ಹೊರಡಿಸಿ ಗ್ರಂಥಿಯನ್ನು ಎಚ್ಚರಿಸಬೇಕು. ಒತ್ತಡವು ಸರಿಹೋದೊಡನೆ ರೆನಿನ್ನೂ ತಗ್ಗಿ, ಗ್ರಂಥಿಯೂ ಸುಮ್ಮನಾಗಬೇಕು. ಈ ರೆನಿನ್ ಅನ್ನು ೧೮೯೮ರಲ್ಲಿಯೇ ಸ್ಟಾಕ್‌ಹೋಮ್ ನಗರದಲ್ಲಿ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಎಂಬವರು ಮೊಲಗಳ ಮೂತ್ರಪಿಂಡದಲ್ಲಿ ಕಂಡುಹಿಡಿದರು. ಆಲ್ಡೊಸ್ಟೆರೋನ್ ಅನ್ನು ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಎಂಬವರು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರೊಡಗೂಡಿ ಬೇರ್ಪಡಿಸಿದುದು ೧೯೫೩ರಲ್ಲಿ.

ಯಜಮಾನನ ಅಪ್ಪಣೆಗೆ ಕಾಯದೆ ಪಾರುಪತ್ಯಗಾರನು ತಾನೇ ಉಗ್ರಾಣದ ಬಾಗಿಲನ್ನು ತೆರೆದರೆ ಏನಾಗುವುದೆಂಬುದು ಮರುವರ್ಷವೇ ತಿಳಿದುಬಂದಿತು. ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಜೆರೋಮ್ ಕಾನ್ ಎಂಬವರಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪೆಸಿಫಿಕ್ ಸಾಗರದ ಉಷ್ಣಪ್ರದೇಶಗಳಿಗೆ ಹೋಗತಕ್ಕ ಸೈನಿಕರ ಸಲುವಾಗಿ, ಸೆಕೆಗೆ ಒಗ್ಗಿದ ದೇಹವು ಬೆವರಿನಲ್ಲಿ ಹೋಗುವ ಉಪ್ಪನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂಬುದನ್ನು ಅವರು ಪರಿಶೀಲಿಸಿದ್ದರು. ೧೯೫೪ರಲ್ಲಿ ಅವರ ಬಳಿಗೆ ೩೪ ವರ್ಷದ ಸ್ತ್ರೀಯೊಬ್ಬಳು ಬಂದಳು. ಏಳು ವರ್ಷಗಳಿಂದ ಆಗಾಗ್ಗೆ ಕೈಕಾಲುಗಳು ಸೋತು ಬೀಳುವುದು, ಸ್ನಾಯುಗಳು ಸೆಟೆಯುವುದು. ಒಮ್ಮೊಮ್ಮೆ ಕಾಲುಗಳು ಸ್ವಾಧೀನದಲ್ಲಿಯೇ ಇರುತ್ತಿರಲಿಲ್ಲ. ರಕ್ತದ ಒತ್ತಡವು ಹೆಚ್ಚಾಗಿತ್ತು, ಪೊಟ್ಯಾಸಿಯಂ ಬಹಳ ತಗ್ಗಿತ್ತು. ಆಕೆಯ ಬೆವರನ್ನು ಪರೀಕ್ಷಿಸಿದಾಗ ಅದರಲ್ಲಿ ಉಪ್ಪು ಅತ್ಯಲ್ಪ! ಸೈನಿಕರಲ್ಲಿ ಸೆಕೆಯಿಂದ ಆಗುತ್ತಿದ್ದುದು ಈಕೆಯಲ್ಲಿ ಸೆಕೆಯಿಲ್ಲದೆಯೇ ಆಗುತ್ತಿದೆಯೆಂದು ಕಾನ್ ಅವರಿಗೆ ಹೊಳೆಯಿತು. ತಿಂಗಳುಗಟ್ಟಲೆ ಆಕೆಯನ್ನು ಆಸ್ಪತ್ರೆಯಲ್ಲಿಟ್ಟು, ತಿಂದುದನ್ನೂ ವಿಸರ್ಜಿಸಿದುದನ್ನೂ ಅಳೆದು ನೋಡಿ, ದೋಷವು ಅಡ್ರೀನಲ್ ಗ್ರಂಥಿಯದೆಂದು ನಿಶ್ಚಯಿಸಿದರು. ಡಿಸೆಂಬರ್ ತಿಂಗಳಿನಲ್ಲಿ ಶಸ್ತ್ರವೈದ್ಯರು ಎರಡು ಗ್ರಂಥಿಗಳನ್ನೂ ತೆಗೆದುಬಿಡುವ ಸಿದ್ಧತೆಯಿಂದಲೇ ಹೊಟ್ಟೆಯನ್ನು ತೆರೆದರು. ಬಲಗಡೆಯ ಗ್ರಂಥಿಯಲ್ಲಿ ಸುಮಾರು ನಾಲ್ಕು ಸೆಂಟಿಮೀಟರಿನ ಗಂಟೊಂದು ಕಂಡಿತು. ಅದನ್ನು ತೆಗೆದರು; ಎಡಗಡೆಯದು ಉಳಿಯಿತು. ಒತ್ತಡವೂ ಪೊಟ್ಯಾಸಿಯಂ ಕೂಡ ಸರಿಹೋದುವು. ವೈದ್ಯಗ್ರಂಥಗಳಲ್ಲಿ ಈ ವ್ಯಾಧಿಗೆ ಕಾನ್ ಅವರ ಹೆಸರೇ ನಿಂತಿದೆ.

ಆದರೆ ಈ ಪ್ರಸಿದ್ಧ ಕಥೆಯಿಂದ ಒಂದು ಅನರ್ಥವೂ ಆಯಿತೆಂದು ನಮಗೆ ತೋರುತ್ತದೆ. ಪೊಟ್ಯಾಸಿಯಂ ಕುಸಿದು ಕೈಕಾಲು ಸೋತವರಿಗೆ ಮಾತ್ರ ಈ ವ್ಯಾಧಿಯೆಂದು ವೈದ್ಯಲೋಕವು ಬಹುಕಾಲ ನಂಬಿತು. ರಕ್ತದ ಒತ್ತಡವುಳ್ಳವರಲ್ಲಿ ಐವರಿಗೊಬ್ಬರಲ್ಲಿ ಇದು ಇರಬಹುದೆಂದು ಕಾನ್ ಅವರೇ ೧೯೬೦ರ ದಶಕದಲ್ಲಿ ಹೇಳಿದಾಗ ಇತರರು ಒಪ್ಪಲಿಲ್ಲ; ನೂರಕ್ಕೊಬ್ಬರೂ ಇರಲಾರರೆಂಬ ಮಾತೇ ಗೆದ್ದಿತು. ಪೊಟ್ಯಾಸಿಯಂ ತಗ್ಗಿದವರಲ್ಲಿ ಮಾತ್ರ ಹುಡುಕಿದರೆ ಅಷ್ಟೇ ಮಂದಿ ಸಿಕ್ಕುವುದು ಸಹಜವಷ್ಟೆ. ೧೯೮೧ರಲ್ಲಿ ಜಪಾನಿನ ವೈದ್ಯರು ಆಲ್ಡೊಸ್ಟೆರೋನ್ ಮತ್ತು ರೆನಿನ್‌ಗಳ ಪ್ರಮಾಣವನ್ನು ಒಂದಕ್ಕೊಂದು ಹೋಲಿಸುವ ಸುಲಭವಾದ ಪರೀಕ್ಷೆಯನ್ನು ಮುಂದಿಟ್ಟರು. ೧೯೯೦ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ರಿಚರ್ಡ್ ಗೋರ್ಡನ್ ಮತ್ತು ಅವರ ಸಂಗಡಿಗರು ಪೊಟ್ಯಾಸಿಯಂ ಸರಿಯಾಗಿದ್ದವರಲ್ಲಿಯೂ ಇದನ್ನು ನಡೆಸಿ ನೋಡಲಾಗಿ, ಹತ್ತರಲ್ಲೊಬ್ಬರ ಆಸುಪಾಸಿನಲ್ಲಿ ರೋಗವು ಸಿಕ್ಕಿತು. ರಕ್ತದ ಒತ್ತಡದ ರೋಗಿಗಳಲ್ಲಿ ನೂರಕ್ಕೆ ೫ರಿಂದ ೧೦ ಮಂದಿಗೂ, ಮೂರು ಔಷಧಗಳಿಗೂ ಬಗ್ಗದವರಲ್ಲಿ ನೂರಕ್ಕೆ ಸುಮಾರು ೨೦ ಮಂದಿಗೂ ಇದು ಇರುವುದೆಂದು ಈಗಿನ ಎಣಿಕೆ. ಬಹುಮಂದಿಗೆ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ.

ಒತ್ತಡಕ್ಕೆ ಹೇಗೂ ಔಷಧ ಕೊಡುತ್ತಿರುವಾಗ ಕಾರಣವನ್ನು ತಿಳಿದು ಆಗುವುದೇನೆಂದು ಕೇಳುವವರಿಗೆ ಉತ್ತರವಿಷ್ಟೆ: ಒತ್ತಡದ ಅಂಕಿ ಒಂದೇ ಆಗಿದ್ದರೂ, ಆಲ್ಡೊಸ್ಟೆರೋನ್ ಹೆಚ್ಚಿದವರಲ್ಲಿ ಪಾರ್ಶ್ವವಾಯು, ಹೃದಯದ ಬಡಿತದ ಏರುಪೇರು, ಮೂತ್ರಪಿಂಡದ ಹಾನಿ ಇವು ಉಳಿದವರಿಗಿಂತ ಹೆಚ್ಚು. ಹೀಗಿದ್ದೂ ಹುಡುಕುವವರು ವಿರಳ. ಅಮೆರಿಕಾದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ, ಔಷಧಗಳಿಗೆ ಬಗ್ಗದ ಒತ್ತಡವುಳ್ಳ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದಾಗ ಈ ಪರೀಕ್ಷೆಯಾಗಿದ್ದುದು ನೂರಕ್ಕೆ ಇಬ್ಬರಿಗಿಂತಲೂ ಕಡಮೆ ಜನರಿಗೆ. ೨೦೨೫ರಲ್ಲಿ ಎಂಡೊಕ್ರೈನ್ ಸೊಸೈಟಿ ಎಂಬ ಅಂತಾರಾಷ್ಟ್ರೀಯ ವೈದ್ಯಸಂಘವು, ರಕ್ತದ ಒತ್ತಡವುಳ್ಳವರೆಲ್ಲರಿಗೂ ಈ ಪರೀಕ್ಷೆಯನ್ನು ಮಾಡುವುದೊಳ್ಳೆಯದೆಂದು ಸೂಚಿಸಿತು.

ಪರೀಕ್ಷೆಯಲ್ಲಿ ಕಷ್ಟವೇನೂ ಇಲ್ಲ. ಬೆಳಿಗ್ಗೆ ಎದ್ದು ಎರಡು ಗಂಟೆಗಳಾದರೂ ಓಡಾಡಿಕೊಂಡಿದ್ದು, ಸ್ವಲ್ಪ ಹೊತ್ತು ಕುಳಿತ ಮೇಲೆ ರಕ್ತವನ್ನು ಕೊಡತಕ್ಕದ್ದು. ಸಕ್ಕರೆಯ ಪರೀಕ್ಷೆಗಿಂತ ವೆಚ್ಚವು ಹೆಚ್ಚು. ಸಣ್ಣ ಊರುಗಳಲ್ಲಿ ರಕ್ತವನ್ನು ದೊಡ್ಡ ಊರಿನ ಪ್ರಯೋಗಶಾಲೆಗೆ ಕಳುಹಿಸಬೇಕಾದೀತು. ಪೊಟ್ಯಾಸಿಯಂ ತಗ್ಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಫಲಿತಾಂಶವು ಮೋಸಮಾಡುತ್ತದೆ. ಕೆಲವು ಔಷಧಗಳೂ ಹಾಗೆಯೇ ರೆನಿನ್ ಅನ್ನು ಏರಿಸುತ್ತವೆ ಇಲ್ಲವೆ ಇಳಿಸುತ್ತವೆ. ಹಾಗೆಂದು ನುಂಗುತ್ತಿರುವ ಗುಳಿಗೆಯನ್ನು ಯಾರೂ ತಾವಾಗಿಯೇ ನಿಲ್ಲಿಸಕೂಡದು; ಅದನ್ನು ತೀರ್ಮಾನಿಸತಕ್ಕವರು ವೈದ್ಯರು. ರೆನಿನ್ ತಗ್ಗಿದ್ದೂ ಆಲ್ಡೊಸ್ಟೆರೋನ್ ತಗ್ಗದೆ ನಿಂತಿದ್ದರೆ ಸಂಶಯಕ್ಕೆ ಎಡೆಯಾಯಿತು. ಮುಂದೆ ಇನ್ನೂ ಕೆಲವು ಪರೀಕ್ಷೆಗಳಿಂದ ದೋಷವು ಒಂದು ಗ್ರಂಥಿಯದೋ ಎರಡರದೋ ಎಂಬುದನ್ನು ನಿರ್ಧರಿಸುತ್ತಾರೆ. ಎರಡರದಾದರೆ ಸ್ಪೈರೊನೊಲ್ಯಾಕ್ಟೋನ್ ಮೊದಲಾದ ಔಷಧಗಳು. ಇವು ೧೯೬೦ರ ಸುಮಾರಿನಿಂದ ಬಳಕೆಯಲ್ಲಿರುವ ಹಳೆಯ ವರ್ಗದವು. ಒಂದರದೇ ಆದರೆ ಶಸ್ತ್ರಕ್ರಿಯೆಯಿಂದ ಅದನ್ನು ತೆಗೆಯಬಹುದು. ಹೀಗೆ ತೆಗೆಸಿಕೊಂಡವರಲ್ಲಿ ಮೂವರಿಗೊಬ್ಬರಂತೆ ಗುಳಿಗೆಯೇ ಬೇಡವಾಗುತ್ತದೆ. ಉಳಿದವರಲ್ಲಿ ಬಹುಮಂದಿಗೆ ಒತ್ತಡವಾಗಲಿ ಗುಳಿಗೆಗಳಾಗಲಿ ತಗ್ಗುತ್ತವೆ.

ಹಾರ್ಮೋನುಗಳಿಂದ ಒತ್ತಡವು ಏರುವ ಬೇರೆ ದಾರಿಗಳೂ ಉಂಟು, ಆದರೆ ಅವು ಇಷ್ಟು ಸಾಮಾನ್ಯವಲ್ಲ. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಾಗಿ ಬಂದು ಹೋಗುತ್ತಿದ್ದರೆ ಅದೇ ಗ್ರಂಥಿಯ ಒಳಭಾಗದ ಗಂಟನ್ನು ಶಂಕಿಸಬೇಕು. ಮುಖವು ದುಂಡಗಾಗಿ, ಚರ್ಮವು ತೆಳುವಾಗಿ, ಹೊಟ್ಟೆಯ ಮೇಲೆ ನೇರಳೆಬಣ್ಣದ ಪಟ್ಟೆಗಳೆದ್ದರೆ ಕಾರ್ಟಿಸಾಲ್ ಎಂಬುದು ಹೆಚ್ಚಿರಬಹುದು. ಗಂಟಲಿನ ಥೈರಾಯ್ಡ್ ಗ್ರಂಥಿಯ ದೋಷವೂ ಕೆಲವರಲ್ಲಿ ಕಾರಣ.

ಇಲ್ಲಿ ನಮ್ಮ ಮನೆಗಳಿಗೆ ಸೇರಿದ ಒಂದು ಮಾತನ್ನು ಹೇಳದಿರಲಾರೆವು. ಕೆಮ್ಮಿಗೆ ಜ್ಯೇಷ್ಠಮಧುವಿನ ಬೇರನ್ನು ಚೀಪುವುದು, ಕಷಾಯ ಮಾಡಿ ಕುಡಿಯುವುದು ಎಲ್ಲರಿಗೂ ಗೊತ್ತು. ನಾಲ್ಕು ದಿನ ಹಾಗೆ ಮಾಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ತಿಂಗಳುಗಟ್ಟಲೆ ಸೇವಿಸಿದಲ್ಲಿ ಅದು ಆಲ್ಡೊಸ್ಟೆರೋನ್ ಹೆಚ್ಚಿದಂತೆಯೇ ವೇಷ ಹಾಕುತ್ತದೆ: ಒತ್ತಡವು ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹಾಲೆಂಡಿನ ರೇವರ್ಸ್ ಎಂಬ ವೈದ್ಯರು ಹೊಟ್ಟೆಯ ಹುಣ್ಣಿಗೆ ಇದನ್ನು ಕೊಟ್ಟು, ಕೆಲವರಿಗೆ ಮೈಯಲ್ಲಿ ನೀರು ತುಂಬಿ ಊತ ಬಂದುದನ್ನು ೧೯೪೬ರಲ್ಲಿಯೇ ಬರೆದಿದ್ದರು. ಆದಕಾರಣ ವೈದ್ಯರ ಮುಂದೆ ಕುಳಿತಾಗ ಮನೆಯ ಮದ್ದನ್ನೂ ಮುಚ್ಚಿಡಬಾರದು.

ಕಾಗದ ಬರೆದ ಸೋದರಿಯ ಯಜಮಾನರಿಗೆ ಮೂರು ಗುಳಿಗೆಗಳಿಂದಲೂ ಒತ್ತಡವು ಇಳಿದಿಲ್ಲ. ತಂದೆಗೆ ನಲವತ್ತರೊಳಗೆ ಪಾರ್ಶ್ವವಾಯುವಾಗಿತ್ತು. ಎಲ್ಲರಿಗೂ ಪರೀಕ್ಷೆಯೆಂಬ ಸೂಚನೆ ಹೊರಡುವುದಕ್ಕೆ ಮೊದಲಿನ ಹಳೆಯ ಪಟ್ಟಿಯ ಪ್ರಕಾರವೂ ಈ ಎರಡರಲ್ಲಿ ಒಂದೇ ಸಾಕಾಗಿತ್ತು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆಲ್ಡೊಸ್ಟೆರೋನ್, ರೆನಿನ್, ಪೊಟ್ಯಾಸಿಯಂ ಎಂಬ ಮೂರು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ವಿನಯದಿಂದಲೇ ಕೇಳಲಿ. ಮೈದುನನಿಗೂ ಈಚೆಗೆ ಒತ್ತಡವು ಕಾಣಿಸಿಕೊಂಡಿದೆಯೆಂದು ಕಾಗದದ ಕೊನೆಯ ಸಾಲಿನಲ್ಲಿದೆ. ಅಣ್ಣನಿಗೆ ರೋಗವಿರುವುದು ನಿಶ್ಚಯವಾದರೆ ಆತನ ರಕ್ತವನ್ನೂ ತಪ್ಪದೆ ಪರೀಕ್ಷಿಸಬೇಕು.