ಉಚಿತ ವಿದ್ಯುತ್ತಿನ ಜೊತೆಗೆ ಸುರಕ್ಷತೆಯೂ ಇರಲಿ

ವಿದ್ಯುತ್ತನ್ನು ಅಗ್ಗವಾಗಿಸುವುದರಲ್ಲಿ ಸರ್ಕಾರಗಳಿಗಿರುವ ಆಸಕ್ತಿ, ಅದರ ಬಳಕೆಯನ್ನು ಸುರಕ್ಷಿತವಾಗಿಸುವುದರಲ್ಲಿ ಕಾಣುವುದಿಲ್ಲ. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಇದಕ್ಕೊಂದು ನಿದರ್ಶನ. ಇಲ್ಲಿ ಎಷ್ಟೋ ನೇಕಾರರಿಗೆ ಮನೆಯೇ ಕಾರ್ಖಾನೆ. 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಅದು ಸ್ವಾಗತಾರ್ಹವೇ. ಆದರೆ ಆ ಮಗ್ಗಗಳ ಮೋಟಾರು, ಸ್ವಿಚ್ಚು, ತಂತಿಗಳ ಸ್ಥಿತಿಯನ್ನು ವಿಚಾರಿಸುವವರು ಯಾರು?

ಕಾನೂನಿನಲ್ಲಿ ಉತ್ತರ ಹುಡುಕಿದರೆ ಸಮಾಧಾನ ಸಿಗದು. ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಲು ಕನಿಷ್ಠ 10 ಕಾರ್ಮಿಕರಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಮೂಲತಃ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಸಂಖ್ಯೆ 20. ಜಮಖಂಡಿ, ಮುಧೋಳ, ಬೀಳಗಿ ಭಾಗದ ಸಕ್ಕರೆ ಕಾರ್ಖಾನೆಗಳು ಈ ವ್ಯಾಪ್ತಿಗೆ ಬರುತ್ತವೆ. ದಂಪತಿಯ ಜೊತೆ ಒಬ್ಬಿಬ್ಬರು ಕೂಲಿಯವರು ದುಡಿಯುವ ನಾಲ್ಕು ಮಗ್ಗಗಳ ಮನೆ ಅಂದೂ ಹೊರಗಿತ್ತು, ಇಂದೂ ಹೊರಗಿದೆ.

ಅಪಾಯ ಮಾತ್ರ ಸಂಖ್ಯೆ ನೋಡಿ ಬರುವುದಿಲ್ಲ. ಮಗ್ಗದ ಸತತ ಅದುರುವಿಕೆಯಿಂದ ತಂತಿಯ ಹೊದಿಕೆ ಸವೆಯುತ್ತದೆ; ನೂಲಿನ ಧೂಳು ಸ್ವಿಚ್ಚುಗಳಲ್ಲಿ ಕೂತು ಕಿಡಿಗೆ ಇಂಬಾಗುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರಿದಾಗ ನೀರು ಕಾಣದ ಅರ್ಥಿಂಗ್ ಗುಂಡಿ ಹೆಸರಿಗಷ್ಟೇ ಉಳಿಯುತ್ತದೆ. ಫ್ಯೂಸ್ ಇದೆಯೆಂಬ ನೆಮ್ಮದಿಯೂ ಹುಸಿಯೇ. ಅದು ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. 6 ಆಂಪಿಯರ್ ಫ್ಯೂಸ್ ಎಂದರೆ 6,000 ಮಿಲಿಆಂಪಿಯರ್. ಎದೆಯ ಮೂಲಕ ಹಾಯುವ 100 ಮಿಲಿಆಂಪಿಯರ್ ಕೂಡ ಪ್ರಾಣ ತೆಗೆಯಬಲ್ಲದು. 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತದೆ.

ಹಾಗಿದ್ದರೂ ನೇಕಾರ ಅದನ್ನೇಕೆ ಕೊಳ್ಳುವುದಿಲ್ಲ? ಅದರ ವೆಚ್ಚ ಇಂದೇ ಕೈಯಿಂದ ಹೋಗುತ್ತದೆ, ಪ್ರಯೋಜನವೋ ಕಣ್ಣಿಗೆ ಕಾಣದು. ಸರ್ಕಾರದ ನೆರವು ಬೇಕಾಗುವುದು ಇಂಥಲ್ಲಿಯೇ. ಉಚಿತ ವಿದ್ಯುತ್ ಪಡೆಯುವ ಪ್ರತಿ ಮಗ್ಗದ ಮನೆಗೂ ಹೆಸ್ಕಾಂ ಒಮ್ಮೆ ಈ ಸಾಧನವನ್ನು ಅಳವಡಿಸಿಕೊಡಲಿ, ಅರ್ಥಿಂಗ್ ಪರೀಕ್ಷಿಸಲಿ. ವರ್ಷವರ್ಷವೂ ಭರಿಸುವ ಸಹಾಯಧನದ ಮುಂದೆ ಒಮ್ಮೆ ಮಾಡುವ ಈ ಖರ್ಚು ಹೊರೆಯಾಗದು. ಆದರೆ ದೋಷ ಕಂಡರೆ ಸವಲತ್ತನ್ನು ಕಸಿಯದೆ, ಸರಿಪಡಿಸಲು ಕಾಲಾವಕಾಶ ನೀಡಬೇಕು. ಇಲ್ಲವಾದರೆ ನೇಕಾರ ಪರೀಕ್ಷೆಗೇ ಹೆದರಿ ಬಾಗಿಲು ಹಾಕಿಕೊಂಡಾನು.

ಅವಘಡ ಸಂಭವಿಸಿದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಿ ವಿಚಾರಣೆ ನಡೆಸಲು 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಂ ಅವಕಾಶ ಕಲ್ಪಿಸಿದೆ. ಅಂಥ ವಿಚಾರಣೆಗಳ ಸಾರಾಂಶ ಕನ್ನಡದಲ್ಲಿ ಪ್ರಕಟವಾದರೆ, ಒಂದು ಮನೆಯ ದುರಂತ ನೂರು ಮನೆಗಳಿಗೆ ಮುನ್ನೆಚ್ಚರಿಕೆಯಾದೀತು.