ಸೀಸನ್ ಮುಗಿಯೋ ಹೊತ್ತಿಗೆ ಎಲ್ಲಾ ಸರಿಹೋಗತ್ತಂತೆ!

ಸೋಮವಾರ ಬೆಳಗ್ಗೆ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರ ನಿಂತರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತೆ. ಶನಿವಾರ ರಾತ್ರಿ ಲಿವರ್‌ಪೂಲಿಗೋ ಆರ್ಸೆನಲ್‌ಗೋ ರೆಫ್ರಿ ಕೈಯಲ್ಲಿ ಅನ್ಯಾಯ ಆಗಿರುತ್ತೆ. ಒಬ್ಬ ಉರಿದುಬೀಳ್ತಾ ಇರ್ತಾನೆ. ಇನ್ನೊಬ್ಬ ಕಾಫಿ ಹೀರುತ್ತಾ, ಎಲ್ಲವನ್ನೂ ಅರೆದು ಕುಡಿದವನ ಹಾಗೆ ಹೇಳ್ತಾನೆ: "ಬಿಡು ಗುರು, ಇವತ್ತು ನಿಮಗೆ, ನಾಳೆ ಅವರಿಗೆ. ಸೀಸನ್ ಮುಗಿಯೋ ಹೊತ್ತಿಗೆ ಎಲ್ಲಾ ಸರಿಹೋಗತ್ತೆ."

ಇದು ಸುಳ್ಳು. ಟಿವಿಯಲ್ಲಿ ಕೂತ ಮಾಜಿ ಆಟಗಾರರು ಹೇಳಿದರೆ ಕ್ಷಮಿಸಬಹುದು. ಕಾಲೇಜಿನಲ್ಲಿ ಪ್ರಾಬಬಿಲಿಟಿ ಪೇಪರ್ ಬರೆದು ಪಾಸಾದ ನಾವು ಹೇಳ್ತೀವಲ್ಲ, ಅದು ನನ್ನ ಸಂಕಟ.

ಒಂದು ನಾಣ್ಯ ತಗೊಳ್ಳಿ. ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡಕ್ಕೆ 38 ಪಂದ್ಯ, ಹಾಗಾಗಿ 38 ಸಲ ಚಿಮ್ಮಿ. ಹೆಡ್ ಬಿದ್ದರೆ ರೆಫ್ರಿ ತಪ್ಪು ನಿಮ್ಮ ಪರ, ಟೇಲ್ ಬಿದ್ದರೆ ವಿರುದ್ಧ. ಎರಡೂ ಹತ್ತೊಂಬತ್ತು ಹತ್ತೊಂಬತ್ತು ಬೀಳೋ ಸಾಧ್ಯತೆ ಎಷ್ಟು? ಹತ್ತಿರ ಹತ್ತಿರ ಶೇಕಡಾ 13. ಸರಾಸರಿ ಲೆಕ್ಕ ಹಾಕಿದರೆ ಹೆಡ್ಡಿಗೂ ಟೇಲಿಗೂ ಐದರಷ್ಟು ಅಂತರ ಉಳಿಯುತ್ತೆ. ನಂಬಿಕೆ ಬರದಿದ್ದರೆ ಪೈಥಾನಿನಲ್ಲಿ ಐದು ಸಾಲು ಬರೆದು ನೋಡಿ, ಕಾಫಿ ಆರೋ ಮುಂಚೆ ಉತ್ತರ ಬರುತ್ತೆ. ಚಿಮ್ಮುತ್ತಾ ಹೋದಷ್ಟೂ ಶೇಕಡಾವಾರು ಐವತ್ತಕ್ಕೆ ಹತ್ತಿರ ಬರುತ್ತೆ, ನಿಜ. ಆದರೆ ಎಣಿಕೆಯ ಅಂತರ ಕಮ್ಮಿ ಆಗಲ್ಲ, ಸರಾಸರಿಯಲ್ಲಿ ಹೆಚ್ಚಾಗುತ್ತೆ. ಲೀಗ್ ಟೇಬಲ್ಲಿನಲ್ಲಿ ಶೇಕಡಾವಾರು ಬರೆಯಲ್ಲ ಸ್ವಾಮಿ, ಪಾಯಿಂಟ್ ಬರೀತಾರೆ.

ಇದೂ ಎಲ್ಲಾ ತಪ್ಪುಗಳಿಗೂ ಒಂದೇ ಬೆಲೆ ಅಂತ ಇಟ್ಟುಕೊಂಡ ಲೆಕ್ಕ. ನಾಲ್ಕು ಗೋಲಿನಿಂದ ಗೆಲ್ತಾ ಇರೋವಾಗ ಸಿಕ್ಕ ಪುಕ್ಕಟೆ ಪೆನಾಲ್ಟಿಯೂ, ಗೋಲಿಲ್ಲದ ಪಂದ್ಯದಲ್ಲಿ ಕಳೆದುಕೊಂಡ ಗೋಲೂ ಒಂದೇ ತೂಕವೇ?

17 ಜೂನ್ 2020. ಕೋವಿಡ್‌ನಿಂದ ನಿಂತುಹೋಗಿದ್ದ ಪ್ರೀಮಿಯರ್ ಲೀಗ್ ಮತ್ತೆ ಶುರುವಾದ ದಿನ, ಮೊದಲನೇ ಪಂದ್ಯ. ಖಾಲಿ ವಿಲ್ಲಾ ಪಾರ್ಕಿನಲ್ಲಿ ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್. ಮೊದಲಾರ್ಧ ಮುಗಿಯೋ ಹೊತ್ತಿಗೆ ಶೆಫೀಲ್ಡಿನ ಆಲಿವರ್ ನಾರ್ವುಡ್ ಒಂದು ಫ್ರೀ ಕಿಕ್ ಹೊಡೆದ. ವಿಲ್ಲಾದ ಗೋಲ್‌ಕೀಪರ್ ಓರ್ಯನ್ ನೀಲಾಂಡ್ ಚೆಂಡು ಹಿಡಿದು, ಹಿಂದಕ್ಕೆ ಮುಗ್ಗರಿಸಿ, ಚೆಂಡಿನ ಸಮೇತ ಗೆರೆ ದಾಟಿ ಬಲೆಗೆ ಒರಗಿದ. ಮನೆಯಲ್ಲಿ ಕೂತು ನೋಡಿದವರಿಗೆಲ್ಲ ಕಂಡಿತು. ರೆಫ್ರಿ ಮೈಕಲ್ ಆಲಿವರ್ ತನ್ನ ಕೈಗಡಿಯಾರ ನೋಡಿದರು. ಅದು ಅಲುಗಲಿಲ್ಲ. ಗೋಲ್‌ಲೈನ್ ತಂತ್ರಜ್ಞಾನದ ಹಾಕ್‌ಐ ಕಂಪನಿ ಆಮೇಲೆ ಕ್ಷಮೆ ಕೇಳಿತು. ಆ ಗೋಲಿನ ಏಳು ಕ್ಯಾಮೆರಾಗಳಿಗೂ ಕೀಪರ್, ಡಿಫೆಂಡರ್ ಮತ್ತು ಕಂಬ ಅಡ್ಡ ಬಂದಿದ್ದವಂತೆ. ಒಂಬತ್ತು ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೀಗಾಗಿದ್ದು ಇದೇ ಮೊದಲಂತೆ.

ಸರಿ, ಮಷೀನು ಕೈಕೊಡುತ್ತೆ. ಆದರೆ ಅವತ್ತು ವಿಎಆರ್ ಕೂಡ ಇತ್ತಲ್ಲ? ರೀಪ್ಲೇ ನೋಡೋಕೆ ಅಂತಲೇ ಸಂಬಳ ಕೊಟ್ಟು ಕೂರಿಸಿದ ಮನುಷ್ಯ, ಎದುರಿಗೆ ಸಾಲು ಸಾಲು ಪರದೆ. ಅವರೂ ಸುಮ್ಮನಿದ್ದರು. ವಾಚಿಗೆ ಸಿಗ್ನಲ್ ಬಂದಿಲ್ಲ ಅಂದಮೇಲೆ ಗೋಲ್ ಅಲ್ಲ ಅಂತ ಆಟ ಮುಂದುವರಿಯಿತು. ಪ್ರೊಡಕ್ಷನ್ ಸರ್ವರ್ ನೋಡಿಕೊಂಡ ಯಾರಿಗಾದರೂ ಈ ಕಥೆ ಹೊಸದಲ್ಲ. ಅಲರ್ಟ್ ಬಂದಿಲ್ಲ, ಆದ್ದರಿಂದ ಸಿಸ್ಟಮ್ ಚೆನ್ನಾಗಿದೆ. ಅಲರ್ಟ್ ಕಳಿಸೋ ಸಿಸ್ಟಮ್ಮೇ ಮಲಗಿದೆ ಅನ್ನೋದು ಯಾರಿಗೂ ಹೊಳೆಯಲ್ಲ.

ಪಂದ್ಯ 0-0. ವಿಲ್ಲಾಗೆ ಒಂದು ಪಾಯಿಂಟ್. ಈಗ ಸೀಸನ್ ಕೊನೆಗೆ ಬನ್ನಿ. ವಿಲ್ಲಾ 35 ಪಾಯಿಂಟ್, ಹದಿನೇಳನೇ ಸ್ಥಾನ, ಬಚಾವ್. ಬೋರ್ನ್‌ಮತ್ 34, ವಾಟ್‌ಫರ್ಡ್ 34, ಎರಡೂ ಕೆಳಗಿನ ಡಿವಿಜನ್ನಿಗೆ. ವಿಲ್ಲಾದ ಗೋಲ್ ಅಂತರ ಮೈನಸ್ 26, ಬೋರ್ನ್‌ಮತ್‌ದು ಮೈನಸ್ 25. ಅಂದ್ರೆ ಅವತ್ತಿನ ಆ ಒಂದು ಪಾಯಿಂಟ್ ಇಲ್ಲದಿದ್ದರೆ ಉಳೀತಿದ್ದದ್ದು ಬೋರ್ನ್‌ಮತ್. ಇಳಿದ ತಂಡಕ್ಕೆ ಟಿವಿ ಹಣದಲ್ಲೇ ನೂರಾರು ಕೋಟಿ ರೂಪಾಯಿ ಖೋತಾ. ಆ ಆಗಸ್ಟಿನಲ್ಲಿ ಬೋರ್ನ್‌ಮತ್ ಬಿಟ್ಟು ಹೊರಟವರಲ್ಲಿ ಅವರನ್ನು ಕೆಳಗಿನಿಂದ ಮೇಲೆ ತಂದಿದ್ದ ಮ್ಯಾನೇಜರ್ ಎಡ್ಡಿ ಹೌ ಇದ್ದರು, ನೇಥನ್ ಆಕೆ ಇದ್ದ. ಗೋಲ್‌ಕೀಪರ್ ಆರನ್ ರಾಮ್ಸ್‌ಡೇಲ್ ಮಾರಾಟವಾಗಿದ್ದು ಯಾರಿಗೆ ಗೊತ್ತಾ? ಶೆಫೀಲ್ಡ್ ಯುನೈಟೆಡ್‌ಗೆ. ಕಥೆಗಾರ ಬರೆದಿದ್ದರೆ ಅತಿಯಾಯ್ತು ಅಂತ ಸಂಪಾದಕರು ಹೊಡೆದುಹಾಕ್ತಿದ್ದರು. ವಿಲ್ಲಾ ಮುಂದಿನ ವರ್ಷ ಜ್ಯಾಕ್ ಗ್ರೀಲಿಷ್‌ನನ್ನು ಹತ್ತು ಕೋಟಿ ಪೌಂಡಿಗೆ ಮಾರಿತು, ನಾಲ್ಕು ವರ್ಷದಲ್ಲಿ ಚಾಂಪಿಯನ್ಸ್ ಲೀಗಿಗೆ ಹೋಯಿತು. ಬೋರ್ನ್‌ಮತ್ ಎರಡು ವರ್ಷ ಕೆಳಗಿದ್ದು ಬಂತು.

ನೀವು ಕೇಳಬಹುದು, ಆ ಗೋಲ್ ಕೊಟ್ಟಿದ್ದರೆ ವಿಲ್ಲಾ ತಿರುಗಿ ಹೊಡೀತಿರಲಿಲ್ಲ ಅಂತ ಹೇಗೆ ಹೇಳ್ತೀಯ? ಇನ್ನೂ ಅರ್ಧ ಆಟ ಬಾಕಿ ಇತ್ತು, ಅದರ ಮೇಲೆ ಒಂಬತ್ತು ಪಂದ್ಯ. ಸರಿಯಾದ ಪ್ರಶ್ನೆ. ಅದಕ್ಕೇ "ವಿಎಆರ್ ಇಲ್ಲದಿದ್ದರೆ ಟೇಬಲ್ ಹೀಗಿರ್ತಿತ್ತು" ಅಂತ ಗೋಲು ಕೂಡಿ ಕಳೆದು ತಯಾರಿಸೋ ಪಟ್ಟಿಗಳನ್ನೂ ನಾನು ನಂಬಲ್ಲ. ಹತ್ತನೇ ನಿಮಿಷದ ಗೋಲ್ ಕಿತ್ತರೆ ಉಳಿದ ಎಂಬತ್ತು ನಿಮಿಷ ಹಾಗೇ ನಡೀತಿತ್ತು ಅನ್ನೋದು ಹುಡುಗಾಟ. ಆದರೆ ಏನಾಗ್ತಿತ್ತೋ ಗೊತ್ತಿಲ್ಲ ಅನ್ನೋದು ಒಂದು, ಎಲ್ಲಾ ಸರಿಹೋಯ್ತು ಅನ್ನೋದು ಇನ್ನೊಂದು. ಮೊದಲನೆಯದು ಪ್ರಾಮಾಣಿಕ. ಎರಡನೆಯದು ಗೆದ್ದವರು ನೆಮ್ಮದಿಯಾಗಿ ನಿದ್ದೆ ಮಾಡೋಕೆ ಮಾಡಿಕೊಂಡ ಹಾಸಿಗೆ.

ಇನ್ನು, ತಪ್ಪುಗಳು ನಾಣ್ಯದ ಥರ ನಿಷ್ಪಕ್ಷಪಾತಿ ಅಂತ ಯಾರು ಹೇಳಿದ್ದು? ನಮ್ಮೂರ ಕಡೆ ಜಾತ್ರೆ ಕಬಡ್ಡಿಯಲ್ಲಿ ಅಂಪೈರ್ ಅಂದರೆ ಆ ಊರಿನದೇ ಪಿ.ಟಿ. ಮೇಷ್ಟ್ರು. ಹಾಕಿದ ಸುಣ್ಣದ ಗೆರೆ ಮೂರನೇ ರೈಡಿಗೆ ಅಳಿಸಿಹೋಗಿರ್ತಿತ್ತು. ಆಮೇಲೆ ಗೆರೆ ಇರ್ತಿದ್ದದ್ದು ಮೇಷ್ಟ್ರ ಮನಸ್ಸಿನಲ್ಲಿ ಮಾತ್ರ, ಸುತ್ತ ಐನೂರು ಜನ ಕೂಗ್ತಾ ನಿಂತಿರೋವಾಗ ಅದು ಯಾವ ಕಡೆಗೆ ಸರೀತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನ ರೆಫ್ರಿಗಳೂ ಮನುಷ್ಯರೇ. 2020ರಲ್ಲಿ ಖಾಲಿ ಸ್ಟೇಡಿಯಮ್ಮುಗಳಲ್ಲಿ ಲೀಗುಗಳು ನಡೆದಾಗ, ಹೊರಗಿನಿಂದ ಬಂದ ತಂಡಕ್ಕೆ ಸಿಗೋ ಹಳದಿ ಕಾರ್ಡು ಕಮ್ಮಿಯಾಗಿದ್ದನ್ನು ಒಬ್ಬರಲ್ಲ, ಹಲವು ಸಂಶೋಧಕರು ಬೇರೆ ಬೇರೆಯಾಗಿ ಗಮನಿಸಿದರು.

ಹಾಗಾದ್ರೆ ವಿಎಆರ್ ಬೇಕು ಅಂತೀಯಾ? ಹೌದು, ಬೇಕು. ಆದರೆ ಈಗಿರೋ ಹಾಗಲ್ಲ. ಪ್ರೀಮಿಯರ್ ಲೀಗೇ ಕೊಟ್ಟ ಲೆಕ್ಕದ ಪ್ರಕಾರ ಮುಖ್ಯ ತೀರ್ಮಾನಗಳ ನಿಖರತೆ 82ರಿಂದ ಶೇಕಡಾ 96ಕ್ಕೆ ಏರಿದೆ. 2024ರಲ್ಲಿ ವುಲ್ವ್ಸ್ ಕ್ಲಬ್ ವಿಎಆರ್ ಕಿತ್ತುಹಾಕಿ ಅಂತ ಮತಕ್ಕೆ ಹಾಕಿದಾಗ 19-1ರಿಂದ ಸೋತಿತು. ನನ್ನ ತಕರಾರು ಉಳಿದ ಆ ಶೇಕಡಾ ನಾಲ್ಕರಲ್ಲಿ ಹೇಗೆ ಕೆಲಸ ಮಾಡ್ತಾರೆ ಅನ್ನೋದರ ಬಗ್ಗೆ.

30 ಸೆಪ್ಟೆಂಬರ್ 2023, ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್. ಆಗಲೇ ಹತ್ತು ಜನರಾಗಿದ್ದ ಲಿವರ್‌ಪೂಲಿಗೆ ಲೂಯಿಸ್ ಡಿಯಾಜ್ ಗೋಲ್ ಹೊಡೆದ. ಲೈನ್ಸ್‌ಮನ್ ಆಫ್‌ಸೈಡ್ ಅಂದರು. ವಿಎಆರ್ ಕೋಣೆಯಲ್ಲಿ ಗೆರೆ ಎಳೆದು ನೋಡಿದರು, ಆಫ್‌ಸೈಡ್ ಅಲ್ಲ. ಸರಿಯಾಗೇ ಕಂಡುಹಿಡಿದರು! ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂತ ಅಧಿಕಾರಿ ತಪ್ಪಾಗಿ ತಿಳಿದಿದ್ದರು. "ಚೆಕ್ ಕಂಪ್ಲೀಟ್" ಅಂದುಬಿಟ್ಟರು. ರೆಫ್ರಿ ಅದನ್ನು ಆಫ್‌ಸೈಡ್ ಸರಿ ಅಂತ ಅರ್ಥ ಮಾಡಿಕೊಂಡು ಆಟ ಶುರುಮಾಡಿದರು. ಕೆಲವು ಸೆಕೆಂಡಿನಲ್ಲಿ ರೀಪ್ಲೇ ಆಪರೇಟರ್‌ಗೆ ಗೊತ್ತಾಯ್ತು, ತಪ್ಪಾಗಿದೆ ಅಂತ ಕೂಗಿಕೊಂಡರು. ಆಟ ಮತ್ತೆ ಶುರುವಾದ ಮೇಲೆ ತೀರ್ಮಾನ ಬದಲಿಸಬಾರದು ಅಂತ ನಿಯಮ, ಏನೂ ಮಾಡೋಕಾಗಲ್ಲ ಅಂತ ಕೂತರು. ಲಿವರ್‌ಪೂಲ್ 2-1ರಿಂದ ಸೋತಿತು, ಅದೂ ಗಾಯದ ಸಮಯದಲ್ಲಿ ತಮ್ಮದೇ ಆಟಗಾರ ಬಲೆಗೆ ಹಾಕಿದ ಗೋಲಿನಿಂದ.

ಇದರಲ್ಲಿ ಕ್ಯಾಮೆರಾ ತಪ್ಪಿತ್ತಾ? ಇಲ್ಲ. ಕಣ್ಣು ತಪ್ಪಿತ್ತಾ? ಅದೂ ಇಲ್ಲ. "ನೀವು ಕೊಟ್ಟ ತೀರ್ಮಾನ ಏನು?" ಅನ್ನೋ ಒಂದು ಪ್ರಶ್ನೆ ಕೇಳಿರಲಿಲ್ಲ. ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಕೌಂಟರಿನವನು "ಒಂದು ಮಸಾಲೆ, ಎರಡು ಕಾಫಿ ತಾನೇ?" ಅಂತ ಒಮ್ಮೆ ತಿರುಗಿ ಹೇಳಿಯೇ ಬಿಲ್ ಕೊಡೋದು. ಜಗತ್ತಿನ ಅತಿ ಶ್ರೀಮಂತ ಲೀಗಿನಲ್ಲಿ ಅಷ್ಟೂ ಇರಲಿಲ್ಲ. ಆಡಿಯೋ ಹೊರಗೆ ಬಂದಿದ್ದು ಮೂರು ದಿನದ ನಂತರ, ಗಲಾಟೆ ಜೋರಾದ ಮೇಲೆ. ಲಿವರ್‌ಪೂಲ್ ಕೊನೆಗೆ ಮೂರನೇ ಸ್ಥಾನ, ಮ್ಯಾಂಚೆಸ್ಟರ್ ಸಿಟಿಗಿಂತ ಒಂಬತ್ತು ಪಾಯಿಂಟ್ ಹಿಂದೆ. ಪ್ರಶಸ್ತಿ ಇದರಿಂದಲೇ ಹೋಯ್ತು ಅಂತ ಹೇಳಿದರೆ ಆತ್ಮಸಾಕ್ಷಿ ಒಪ್ಪಲ್ಲ.

ಕ್ರಿಕೆಟ್ಟಿನಲ್ಲಿ ಥರ್ಡ್ ಅಂಪೈರ್ ಮಾತಾಡೋದು ನಮಗೆಲ್ಲ ಕೇಳಿಸುತ್ತೆ. ಅಲ್ಟ್ರಾಎಡ್ಜ್ ತೋರಿಸಿ, ಬಾಲ್ ಟ್ರ್ಯಾಕಿಂಗ್ ತೋರಿಸಿ ಅಂತ ಒಂದೊಂದೇ ಹೆಜ್ಜೆ. ಅದಕ್ಕಿಂತ ದೊಡ್ಡದು 'ಅಂಪೈರ್ಸ್ ಕಾಲ್'. ನಾವು ಎಷ್ಟೇ ಬೈದರೂ ಅದರಲ್ಲಿ ಒಂದು ಒಪ್ಪಿಗೆ ಇದೆ: ಈ ಮಷೀನಿಗೆ ಇಷ್ಟರ ಮಟ್ಟಿಗೆ ಗೊತ್ತು, ಅದರಾಚೆ ಗೊತ್ತಿಲ್ಲ. ಫುಟ್‌ಬಾಲಿನವರು ವಿಎಆರ್ ಬಂದ ಹೊಸದರಲ್ಲಿ ಕಂಕುಳಿಗೂ ಹೆಬ್ಬೆರಳಿಗೂ ಗೆರೆ ಎಳೆದು ಆಫ್‌ಸೈಡ್ ಕೊಟ್ಟರು. ಸೆಕೆಂಡಿಗೆ 50 ಚಿತ್ರ ತೆಗೆಯೋ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 20 ಮಿಲಿಸೆಕೆಂಡ್ ಅಂತರ. ಸೆಕೆಂಡಿಗೆ ಎಂಟು ಮೀಟರ್ ಓಡ್ತಿರೋ ಆಟಗಾರ ಅಷ್ಟರಲ್ಲಿ 16 ಸೆಂಟಿಮೀಟರ್ ದಾಟಿರ್ತಾನೆ. ಪಾಸ್ ಕೊಟ್ಟ ಕ್ಷಣ ಯಾವ ಚಿತ್ರದಲ್ಲಿದೆ ಅಂತಲೇ ಖಚಿತ ಇಲ್ಲದಾಗ ಹೆಬ್ಬೆರಳು ಅಳೆದದ್ದು, ದಿನಸಿ ಅಂಗಡಿ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. 2021ರಲ್ಲಿ ಗೆರೆ ದಪ್ಪ ಮಾಡಿದರು, ಏಪ್ರಿಲ್ 2025ರಲ್ಲಿ ಅರೆಸ್ವಯಂಚಾಲಿತ ಆಫ್‌ಸೈಡ್ ತಂದರು. ಒಳ್ಳೇದು. ಮೊದಲ ಎರಡು ಸೀಸನ್ನಿನ ಹೆಬ್ಬೆರಳುಗಳ ಲೆಕ್ಕ ಯಾರೂ ಕೇಳಲಿಲ್ಲ.

ವಿಎಆರ್ ಬೇಡವೇ ಬೇಡ ಅನ್ನೋರ ಮೇಲೆ ನನಗೆ ಗೌರವ ಇದೆ. ಸ್ವೀಡನ್ನಿನಲ್ಲಿ ಕ್ಲಬ್ಬುಗಳು ಸದಸ್ಯರ ಕೈಯಲ್ಲಿವೆ, ಅವರು ಬೇಡ ಅಂದರು, ಬರಲಿಲ್ಲ. ನಾರ್ವೆಯಲ್ಲಿ 2024ರಲ್ಲಿ ಅಭಿಮಾನಿಗಳು ಮೈದಾನಕ್ಕೆ ಮೀನಿನ ವಡೆ ಎಸೆದು ಒಂದು ಪಂದ್ಯವನ್ನೇ ನಿಲ್ಲಿಸಿದರು. (ಎಸೆಯೋಕೆ ಅದೇ ಯಾಕೆ ಸಿಕ್ಕಿತೋ, ತಿನ್ನೋ ಪದಾರ್ಥ.) ಗೋಲ್ ಬಿದ್ದಾಗ ಕುಣಿಯೋ ಖುಷಿಗೋಸ್ಕರ ಒಂದಷ್ಟು ತಪ್ಪು ಸಹಿಸ್ತೀವಿ ಅಂತಾರೆ ಅವರು. ತಪ್ಪು ಇದೆ, ಅದರ ಬೆಲೆ ಇದೆ ಅಂತ ಒಪ್ಪಿಕೊಂಡು ಆರಿಸಿಕೊಂಡಿದ್ದಾರೆ. ಎಲ್ಲಾ ಸರಿಹೋಗತ್ತೆ ಅಂತ ಹಲ್ಲುಕಿರಿದಿಲ್ಲ.

ನನ್ನ ಕಥೆಯನ್ನೂ ಹೇಳಿಬಿಡ್ತೀನಿ. 3 ಮಾರ್ಚ್ 2023, ಕಂಠೀರವ ಸ್ಟೇಡಿಯಂ, ಐಎಸ್ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ವಿರುದ್ಧ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಕೇರಳದವರು ಗೋಡೆ ಕಟ್ಟಿಕೊಳ್ತಾ ಇದ್ದಾಗಲೇ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ಬಲೆಗೆ ಹಾಕಿದ. ರೆಫ್ರಿ ಗೋಲ್ ಕೊಟ್ಟರು. ಕೇರಳದ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು, ನಾವು ಗೆದ್ದೆವು. ನಮ್ಮ ಟೀಮಿನಲ್ಲಿ ತ್ರಿಶೂರಿನ ಹುಡುಗ ಒಬ್ಬ ಇದ್ದ. ಮಾರನೇ ದಿನ ಅವನಿಗೆ ನಾನೇ ಹೇಳಿದೆ: ರೆಫ್ರಿ ತೀರ್ಮಾನವೇ ಅಂತಿಮ ಕಣೋ, ಸುಮ್ನಿರು, ಮುಂದೊಂದಿನ ನಿಮಗೂ ಸಿಗತ್ತೆ.

ಹದಿನೈದು ದಿನ ಬಿಟ್ಟು, 18 ಮಾರ್ಚ್, ಗೋವಾದಲ್ಲಿ ಫೈನಲ್. ನಾವು 2-1 ಮುಂದಿದ್ದಾಗ ಎಟಿಕೆ ಮೋಹನ್ ಬಾಗಾನ್‌ಗೆ ಒಂದು ಪೆನಾಲ್ಟಿ ಸಿಕ್ಕಿತು, 2-2 ಆಯ್ತು, ಶೂಟೌಟಿನಲ್ಲಿ ಸೋತೆವು. ಅವತ್ತು ರಾತ್ರಿ ನಮ್ಮ ಕ್ಲಬ್ಬಿನ ಮಾಲೀಕರೇ ಐಎಸ್ಎಲ್‌ಗೆ ವಿಎಆರ್ ಬೇಕು ಅಂತ ಟ್ವೀಟ್ ಮಾಡಿದರು. ನಾನೂ ಅದನ್ನೇ ಎಲ್ಲಾ ಗ್ರೂಪಿಗೆ ಹಾಕಿದೆ. ತ್ರಿಶೂರಿನವನು ಒಂದು ನಗುವ ಮುಖ ಕಳಿಸಿದ, ಕೆಳಗೆ ಬರೆದಿದ್ದ: ನೋಡಿದ್ಯಾ, ಸರಿಹೋಯ್ತು.

ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ನಮಗೆ ಒಂದು ಬಂತು, ಒಂದು ಹೋಯ್ತು. ಹೋಗಿದ್ದು ಮೋಹನ್ ಬಾಗಾನ್‌ಗೆ, ಕಪ್ ಕೋಲ್ಕತ್ತಕ್ಕೆ. ಕೇರಳಕ್ಕೆ ಬಂದಿದ್ದು ಮೈದಾನ ಬಿಟ್ಟು ಹೋದದ್ದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚಿಗೆ ಹತ್ತು ಪಂದ್ಯ ನಿಷೇಧ.