ವಿಡಿಯೊ ತಿದ್ದಿದ್ದಾರೆಯೇ? ಮೊದಲು ಮೂಲ ಪ್ರತಿ ಎಲ್ಲಿದೆ ಎಂದು ಕೇಳೋಣ



ಕೆನಡಿ ಹತ್ಯೆಗೆ ಸಂಬಂಧಿಸಿದ ಕಡತಗಳನ್ನು ಅಮೆರಿಕ ಸರ್ಕಾರ 2025ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಮೇಲೆ ಹಳೆಯ ಪ್ರಶ್ನೆಯೊಂದು ನಮ್ಮ ಸಂಘದ ವಾಟ್ಸಾಪ್ ಗುಂಪಿಗೂ ಬಂತು. "ಆ ಫಿಲ್ಮನ್ನೇ ತಿದ್ದಿದ್ದಾರಂತೆ, ನಿಜವೇ?" ಎಂದು ಕೆಲವರು ಕೇಳಿದರು. ಇದಕ್ಕೆ ಒಂದೇ ಸಾಲಿನ ಉತ್ತರ ಸಾಲದು. ನಮ್ಮ ದೇಶದಲ್ಲೂ ಇಂಥ ಪ್ರಶ್ನೆ ಎದ್ದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಬ್ರಹಾಂ ಜಪ್ರುಡರ್ ಎಂಬ ಬಟ್ಟೆ ವ್ಯಾಪಾರಿ ತನ್ನ 8 ಎಂಎಂ ಕ್ಯಾಮೆರಾದಲ್ಲಿ ಅಧ್ಯಕ್ಷರ ಮೆರವಣಿಗೆಯನ್ನು ಚಿತ್ರಿಸುತ್ತಿದ್ದರು. ಸುಮಾರು 26 ಸೆಕೆಂಡುಗಳ ಆ ತುಣುಕಿನಲ್ಲಿ 486 ಚೌಕಟ್ಟುಗಳಿವೆ. ಅದನ್ನು 'ಲೈಫ್' ಪತ್ರಿಕೆ ಕೊಂಡುಕೊಂಡಿತು. ಪತ್ರಿಕೆಯ ಕೈಯಲ್ಲಿದ್ದಾಗ ಮೂಲ ರೀಲಿನ ನಾಲ್ಕು ಚೌಕಟ್ಟುಗಳು ಹಾಳಾದವು. ವಾರೆನ್ ಆಯೋಗ ಪ್ರಕಟಿಸಿದ ಸಂಪುಟದಲ್ಲಿ 314 ಮತ್ತು 315ನೆಯ ಚೌಕಟ್ಟುಗಳು ಅದಲುಬದಲಾದವು. ಅದು ಮುದ್ರಣ ದೋಷ ಎಂದು ಎಫ್‌ಬಿಐ ಹೇಳಿತು. ಅಮೆರಿಕದ ಜನಸಾಮಾನ್ಯರು ಈ ಚಿತ್ರವನ್ನು ರಾಷ್ಟ್ರೀಯ ಟಿವಿಯಲ್ಲಿ ನೋಡಿದ್ದು 1975ರಲ್ಲಿ, ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಇಷ್ಟೆಲ್ಲ ಆದ ಮೇಲೆ ಜನ ಸಂಶಯಪಟ್ಟರೆ ಅವರನ್ನು ದೂರುವಂತಿಲ್ಲ.

ಆದರೆ 1998ರಲ್ಲಿ ಕೊಡಾಕ್ ಕಂಪನಿಯ ನಿವೃತ್ತ ತಜ್ಞ ರೋಲಂಡ್ ಜವಾಡ ಆ ಫಿಲ್ಮನ್ನು ಪರೀಕ್ಷಿಸಿ, ಇದು ಕ್ಯಾಮೆರಾದೊಳಗೆ ಓಡಿದ ಮೂಲ ಫಿಲ್ಮೇ ಎಂದು ವರದಿ ಕೊಟ್ಟರು. ಮೂಲ ರೀಲು ಉಳಿದಿದ್ದರಿಂದಲೇ ಈ ಪರೀಕ್ಷೆ ಸಾಧ್ಯವಾಯಿತು. ಅದಕ್ಕಾಗಿ ಸರ್ಕಾರ ಜಪ್ರುಡರ್ ಕುಟುಂಬಕ್ಕೆ 1.6 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 1999ರಲ್ಲಿ ತೀರ್ಮಾನವಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಸಂಚುಕೋರರೇ ಕರೆತಂದಿದ್ದ ಛಾಯಾಗ್ರಾಹಕ ಹರಿಬಾಬು ಕೂಡ ಸ್ಫೋಟದಲ್ಲಿ ಸತ್ತ. ಆದರೆ ಅವನ ಕ್ಯಾಮೆರಾ ಉಳಿಯಿತು. ಅದರೊಳಗಿನ ಫಿಲ್ಮಿನಲ್ಲಿ ಹತ್ತು ಚಿತ್ರಗಳು ಸಿಕ್ಕವು. ಹಾರ ಹಿಡಿದು ನಿಂತ ಹೆಂಗಸು ಮತ್ತು ಬಿಳಿ ಕುರ್ತಾ ಪೈಜಾಮದ ಶಿವರಾಸನ್ ಅವುಗಳಲ್ಲಿದ್ದರು. ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ತಂಡಕ್ಕೆ ಮೊದಲ ದಾರಿ ತೋರಿಸಿದ್ದು ಈ ಚಿತ್ರಗಳೇ. ಆ ದಾರಿ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದಕ್ಕೆ ಬಂದು ಮುಟ್ಟಿದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ.

ಅದೇ ರಾತ್ರಿಯ ಸಭೆಯ ವಿಡಿಯೊ ಕಥೆ ಮಾತ್ರ ಬೇರೆ. ತನಿಖಾಧಿಕಾರಿಯಾಗಿದ್ದ ಕೆ. ರಾಗೋತ್ತಮನ್ ನಿವೃತ್ತರಾದ ಮೇಲೆ ಪುಸ್ತಕ ಬರೆದು, ಆ ವಿಡಿಯೊ ಗುಪ್ತಚರ ಇಲಾಖೆಯ ಕೈಸೇರಿತ್ತು, ತನಿಖೆಗೆ ಸಿಗದಂತೆ ಅದನ್ನು ಮುಚ್ಚಿಡಲಾಯಿತು ಎಂದು ಆರೋಪಿಸಿದರು. ಇದು ಅವರ ಆರೋಪ, ನ್ಯಾಯಾಲಯದಲ್ಲಿ ಸಾಬೀತಾದ ಸಂಗತಿಯಲ್ಲ. ಆದರೂ ವ್ಯತ್ಯಾಸ ಗಮನಿಸಿ. ಒಂದೇ ರಾತ್ರಿ, ಒಂದೇ ಸ್ಥಳ. ಹರಿಬಾಬುವಿನ ಚಿತ್ರಗಳು ತನಿಖೆಯ ಆಧಾರವಾದವು, ವಿಡಿಯೊ ಮಾತ್ರ ಇಂದಿಗೂ ವಿವಾದದ ವಸ್ತು.

ನಾನು ಗುಮಾಸ್ತನಾಗಿದ್ದವನು. ಕಚೇರಿಯಲ್ಲಿ ಒಂದು ಕಾಗದ ಯಾವಾಗ ಬಂತು, ಯಾರ ಮೇಜಿಗೆ ಹೋಯಿತು, ಯಾರು ಸಹಿ ಹಾಕಿದರು ಎಂಬುದು ಇನ್‌ವರ್ಡ್ ರಿಜಿಸ್ಟರಿನಲ್ಲಿ ಇಲ್ಲದಿದ್ದರೆ, ಆ ಕಾಗದ ಎಷ್ಟೇ ನಿಜವಾಗಿದ್ದರೂ ಅದನ್ನು ನಂಬಿಸುವುದು ಕಷ್ಟ. ಚಿತ್ರ, ವಿಡಿಯೊಗಳಿಗೂ ಇದೇ ಮಾತು. ಚೌಕಟ್ಟಿನೊಳಗಿನ ನೆರಳು, ಬೆಳಕುಗಳನ್ನು ನೋಡಿ ನಾವು ನೀವು ತೀರ್ಪು ಕೊಡಲಾಗದು. ಮೂಲ ಎಲ್ಲಿದೆ, ನಡುವೆ ಯಾರ ಕೈಯಲ್ಲಿತ್ತು ಎಂದು ಕೇಳಬಹುದು. ಹಾಗೆಯೇ, ದಾಖಲೆಯಲ್ಲಿ ಒಂದು ಕಡೆ ತೂತು ಇದ್ದ ಮಾತ್ರಕ್ಕೆ ತಿದ್ದಿದ್ದಾರೆ ಎಂದು ಸಾಬೀತಾಗುವುದಿಲ್ಲ. ಅದು ಸಂಶಯಕ್ಕೆ ಜಾಗ ಕೊಡುತ್ತದೆ, ಅಷ್ಟೇ.

2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ, ಅವರ ಮನೆಯ ಸಿಸಿಟಿವಿಯಲ್ಲಿ ದಾಖಲಾದ ಹೆಲ್ಮೆಟ್ ಧರಿಸಿದ ವ್ಯಕ್ತಿಯ ದೃಶ್ಯ ತನಿಖೆಯ ಮುಖ್ಯ ಸುಳಿವುಗಳಲ್ಲಿ ಒಂದಾಯಿತು. ಈಗ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಯನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಆ ಫೈಲಿನ ಬೆರಳಚ್ಚು ಇದ್ದಂತೆ. ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ.

ಇದು ದೊಡ್ಡವರ ಹತ್ಯೆಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಚಿಂಬಲ್‌ನಲ್ಲಿ ದುಡಿದು ಬದುಕುವ ನಮ್ಮ ಜನರ ಜೇಬಿನಲ್ಲೂ ಕ್ಯಾಮೆರಾ ಇದೆ. ನಾಳೆ ರಸ್ತೆ ಅಪಘಾತವೋ ಹೊಡೆದಾಟವೋ ಆದರೆ ನಿಮ್ಮ ಮೊಬೈಲಿನ ವಿಡಿಯೊ ಒಬ್ಬ ಬಡವನಿಗೆ ನ್ಯಾಯ ಕೊಡಿಸಬಹುದು. ಆದ್ದರಿಂದ ಸದಸ್ಯರಲ್ಲಿ ಮೂರು ವಿನಂತಿಗಳು:

1. ಮೂಲ ಫೈಲನ್ನು ಮೊಬೈಲಿನಿಂದ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊ ಸಾಮಾನ್ಯವಾಗಿ ಕುಗ್ಗುತ್ತದೆ, ಅದು ಮೂಲವಲ್ಲ.
2. ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ದಿನ, ಸಮಯ, ಸ್ಥಳವನ್ನು ಕಾಗದದಲ್ಲಿ ಬರೆದಿಡಿ.
3. ಪೊಲೀಸರಿಗೆ ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ.

"ತಿದ್ದಿದ ವಿಡಿಯೊ" ಎಂದೋ "ಬಯಲಾದ ಸತ್ಯ" ಎಂದೋ ಯಾವುದಾದರೂ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಕೇಳಿ: ಇದರ ಮೂಲ ಪ್ರತಿ ಯಾರ ಬಳಿ ಇದೆ? ಉತ್ತರ ಸಿಗದಿದ್ದರೆ ಅದು ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.

ಈ ವಿಷಯದ ಬಗ್ಗೆ ಮುಂದಿನ ಮಾಸಿಕ ಸಭೆಯಲ್ಲಿ ಮಾತನಾಡೋಣ. ಮಕ್ಕಳನ್ನೂ ಕರೆತನ್ನಿ, ಮೊಬೈಲಿನ ವಿಷಯ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

– ಕಾರ್ಯದರ್ಶಿ, ಚಿಂಬಲ್